ಗೋಡೆಗೆ ಮುಖ ಮಾಡಿದ ಸಾಕ್ಷಿ

"ಅಡುಗೆಮನೆ ನೆಲ ಯಾವ ಬಣ್ಣ ಇತ್ತಮ್ಮ?" ಅಧಿಕಾರಿ ಎರಡನೆಯ ಸಲ ಕೇಳಿದರು.

ಕಿರಿಯವಳು ಮೇಜಿನ ಅಂಚನ್ನೇ ನೋಡುತ್ತ ಕೂತಿದ್ದಳು. ಅವಳ ಬೆನ್ನ ಹಿಂದೆ, ಕೋಣೆಯ ಇನ್ನೊಂದು ತುದಿಯಲ್ಲಿ, ಅವಳ ಓರಗಿತ್ತಿ ಮರದ ಕುರ್ಚಿಯೊಂದರಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಿರಿಯವಳ ಗಂಡನ ಅಣ್ಣನ ಹೆಂಡತಿ. ಈ ಅರ್ಜಿಗೆ ಇದ್ದ ಒಬ್ಬಳೇ ಸಾಕ್ಷಿ. ಸಾಕ್ಷಿ ಹೇಳಲು ಬಂದವರು ಕಣ್ಸನ್ನೆ, ಕೈಸನ್ನೆ ಮಾಡಬಾರದೆಂದು ತಮ್ಮ ಸರದಿ ಬರುವವರೆಗೆ ಹೀಗೆ ಗೋಡೆ ನೋಡುತ್ತ ಕೂರುವುದು ಆ ಕಚೇರಿಯ ಪದ್ಧತಿ. ಗುಮಾಸ್ತ ಮೊದಲೇ ಎಚ್ಚರಿಸಿದ್ದ. "ಸರದಿ ಬರೋ ಮುಂಚೆ ಬಾಯಿ ಬಿಟ್ರೆ ನಿಮ್ಮ ಸಾಕ್ಷಿ ರದ್ದಾದ್ರೂ ಆಗಬಹುದು. ಸಾಕ್ಷಿ ಹೋದ್ರೆ ಅರ್ಜೀನೂ ಹೋದ ಹಾಗೇ."

"ನಾನ್ಯಾಕಪ್ಪ ಬಾಯಿ ಬಿಡ್ಲಿ?" ಎಂದು ಹಿರಿಯವಳು ಹೇಳಿ ಕೂತಿದ್ದಳು. ಆಗ ಅವಳು ಅದನ್ನು ಮನಸ್ಸಿನಿಂದಲೇ ಹೇಳಿದ್ದಳು.

ಅದು ಹೊರದೇಶದಲ್ಲಿ ಆಸ್ತಿ ಕಳೆದುಕೊಂಡ ನಾಗರಿಕರಿಗೆ ಪರಿಹಾರ ಕೊಡುವ ಕಚೇರಿ. ಕಿರಿಯವಳೂ ಅವಳ ಗಂಡನೂ ಇಪ್ಪತ್ತು ವರ್ಷ ದುಡಿದ ಆ ದೇಶದಲ್ಲಿ ಹೊಸ ಸರ್ಕಾರ ಬಂದು, ಹೊರಗಿನಿಂದ ಬಂದವರೆಲ್ಲ ತಲೆಗೊಂದು ಪೆಟ್ಟಿಗೆ ಹಿಡಿದು ಹೊರಡಿ ಎಂದಿತ್ತು. ಅಂಗಡಿ, ಮನೆ, ಮನೆಯೊಳಗಿನ ಸಾಮಾನು, ಎಲ್ಲ ಅಲ್ಲೇ ಉಳಿಯಿತು. ವರ್ಷಗಳ ಮೇಲೆ ಎರಡು ಸರ್ಕಾರಗಳು ಕೂತು ಮಾತಾಡಿ, ಆ ದೇಶ ಒಂದು ಇಡುಗಂಟು ಕೊಟ್ಟಿತು. ಇಡುಗಂಟಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಆ ದೇಶವನ್ನು ಭೂಪಟದಲ್ಲೂ ಕಾಣದವರು ಅಲ್ಲಿ ತಮಗೆ ಅರಮನೆಯಿತ್ತೆಂದು ಬಂದು ಸಾಲು ನಿಂತರು. ಹಾಗಾಗಿ ಅಧಿಕಾರಿಗಳು ಆ ದೇಶದಿಂದ ಮನೆಮನೆಯ ನಕ್ಷೆ, ವಿವರ ತರಿಸಿಕೊಂಡು ಹೀಗೆ ನೆಲದ ಬಣ್ಣ, ಕಿಟಕಿಯ ದಿಕ್ಕು ಕೇಳುತ್ತಿದ್ದರು. ಬಾಳಿದವರಿಗೆ ಇದೆಲ್ಲ ಬಾಯಿಪಾಠ ಇರಬೇಕಲ್ಲ!

ಗೋಡೆಯ ಮೇಲೆ ಸುಣ್ಣ ಒಂದೆಡೆ ಹಕ್ಕಳೆ ಎದ್ದಿತ್ತು. ಹಿರಿಯವಳು ಅದನ್ನೇ ನೋಡುತ್ತ, 'ಹೇಳೇ, ಹೇಳು' ಎಂದು ಒಳಗೊಳಗೇ ಅಂದುಕೊಂಡಳು. ಹೇಳಲಿ ಎಂಬ ಆಸೆಯಿಂದಲ್ಲ. ಇಷ್ಟು ಸುಲಭದ ಪ್ರಶ್ನೆಗೆ ಇಷ್ಟು ಹೊತ್ತು ಹಿಡಿದರೆ ಯಾರಿಗಾದರೂ ಮೈ ಉರಿಯುತ್ತದೆ.

ಮೈ ಉರಿಯುವುದು ಅವಳಿಗೆ ಹೊಸತೇನೂ ಆಗಿರಲಿಲ್ಲ. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವಳು ಮನೆಯ ಮುಂಗೋಣೆಯಲ್ಲಿ ಮಿಶನ್ ಇಟ್ಟುಕೊಂಡು ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು, ಬೀದಿಗೆಲ್ಲ ಟೈಲರಮ್ಮ. ಮೈದುನ ಬ್ರೆಡ್ಡು ಸುಡುವ ಕೆಲಸ ಕಲಿತು ಹೊರದೇಶಕ್ಕೆ ಹೋದವನು ಅಲ್ಲಿ ಸ್ವಂತ ಬೇಕರಿ ಮಾಡಿದ, ಬೇಕರಿಯ ಹಿಂದಿನ ಬೀದಿಯಲ್ಲಿ ಮಹಡಿ ಮನೆ ಕೊಂಡ. ಒಂದು ವರ್ಷ ಕಿರಿಯವಳಿಗೆ ಹೊಟ್ಟೆಯ ಆಪರೇಷನ್ ಆಗಿ ಹಾಸಿಗೆ ಹಿಡಿದಾಗ, ಮನೆಕೆಲಸದವಳೂ ಬಿಟ್ಟುಹೋದದ್ದರಿಂದ, ಅವರೇ ಟಿಕೆಟ್ ಕಳಿಸಿ ಇವಳನ್ನು ಕರೆಸಿಕೊಂಡರು. ಟಿಕೆಟ್ ಕಳಿಸಿದ್ದು ಮೊದಲನೆಯ ಉರಿ. ಮನೆಯ ಬಾಗಿಲು ತೆರೆದಾಗ ಕಂಡದ್ದು ಎರಡನೆಯದು. ಆಮೇಲಿನವನ್ನು ಅವಳು ಎಣಿಸಲಿಲ್ಲ.

ಮೂರು ತಿಂಗಳು ಅವಳು ಆ ಮನೆಯನ್ನು ಗುಡಿಸಿದಳು, ಒರೆಸಿದಳು, ಅಲ್ಲಿನ ಒಲೆಯ ಮುಂದೆ ನಿಂತಳು. ಮೈಯೆಲ್ಲ ಕಣ್ಣಾಗಿ ನಿಂತಳು ಅನ್ನಬೇಕು. ಯಾವ ಬೀರುವಿನ ಬಾಗಿಲು ಕಿರುಗುಟ್ಟುತ್ತದೆ, ಯಾವ ಕಿಟಕಿಯ ಗಾಜಿನಲ್ಲಿ ಗುಳ್ಳೆ ಇದೆ, ಎಲ್ಲ ಅವಳ ಹೊಟ್ಟೆಗೆ ಇಳಿಯಿತು, ಮತ್ತೆ ಹೊರಗೆ ಬರಲಿಲ್ಲ. ಊರಿಗೆ ಮರಳಿ ತನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ, "ನಮ್ಮ ಮನೆ ಯಾವಾಗ ಇಷ್ಟು ಚಿಕ್ಕದಾಯ್ತು ರೀ?" ಎಂದು ಗಂಡನನ್ನು ಕೇಳಿದ್ದಳು.

"ಮನೆ ಅಷ್ಟೇ ಇದೆ ಕಣೇ. ನಿನ್ನ ಕಣ್ಣು ದೊಡ್ಡದಾಗಿದೆ," ಎಂದಿದ್ದ ಅವನು.

ಆ ಮೇಲೆ ಕಾಲ ತಿರುಗಿತು. ಮೈದುನನೂ ಕಿರಿಯವಳೂ ಒಂದೊಂದು ಪೆಟ್ಟಿಗೆ ಹಿಡಿದು ಇವರ ಬಾಗಿಲಿಗೆ ಬಂದರು. ಬಟ್ಟೆಯ ಗಂಟುಗಳನ್ನಿಡುತ್ತಿದ್ದ ಹಿಂದಿನ ಕೋಣೆ ಖಾಲಿ ಮಾಡಿಕೊಟ್ಟದ್ದಾಯಿತು. ಮೈದುನ ವರ್ಷ ತುಂಬುವುದರೊಳಗೆ ತೀರಿಕೊಂಡ. ಕೈ ಬರಿದಾದದ್ದನ್ನು ಅವನ ಎದೆ ತಡೆಯಲಿಲ್ಲ. ಮಕ್ಕಳಿರಲಿಲ್ಲ. ಕಿರಿಯವಳು ಆ ಕೋಣೆಯಲ್ಲೇ ಉಳಿದಳು, ಓರಗಿತ್ತಿ ಹೊಲಿದ ಅಂಗಿಗಳಿಗೆ ಗುಂಡಿ ಹಾಕುತ್ತ, ಅಂಚು ಮಡಿಸುತ್ತ, "ಅಕ್ಕಾ, ಹೀಗೆ ಸಾಕಾ?" ಎಂದು ಕೇಳುತ್ತ.

ಸುಳ್ಳು ಯಾಕೆ ಹೇಳಬೇಕು, ಹಿರಿಯವಳ ಪಾಲಿಗೆ ಅವು ಸುಖದ ವರ್ಷಗಳು. ಅವಳು ಕೆಟ್ಟವಳಲ್ಲ. ಬಡಿಸುವಾಗ ಕೈ ಬಿಗಿಹಿಡಿಯಲಿಲ್ಲ, ಚಳಿಗೆ ತನ್ನ ಹೊದಿಕೆಯನ್ನೇ ಕೊಟ್ಟಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಆದರೆ ಕೊಡುವ ಕೈ ಮೇಲಿರುತ್ತದೆ ಎನ್ನುವುದನ್ನು ಒಂದು ದಿನವೂ ಮರೆಯಲಿಲ್ಲ. ಬೀದಿಯವರು "ಟೈಲರಮ್ಮಂದು ಎಂಥ ದೊಡ್ಡ ಮನಸ್ಸು" ಎಂದರೆ, "ಏನ್ಮಾಡೋದು, ನಮ್ಮವಳೇ ಅಲ್ವಾ" ಎಂದು ದೊಡ್ಡದಾಗಿ ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರಿನಷ್ಟು ಹಿತ ಅವಳಿಗೆ ಬೇರೆ ಯಾವುದೂ ಕೊಟ್ಟಿರಲಿಲ್ಲ.

ಅಂಥದರಲ್ಲಿ ರೇಡಿಯೋದಲ್ಲಿ ಪರಿಹಾರದ ಸುದ್ದಿ ಬಂತು.

"ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ, ಇದಕ್ಕೇ," ಎಂದ ಗಂಡ, ಕೈಗೆ ಹತ್ತಿದ್ದ ಗ್ರೀಸು ಒರೆಸಿಕೊಳ್ಳುತ್ತ.

"ಹೋದ ಮಳೇಲಿ ನಮ್ಮನೆಗೆ ನೀರು ನುಗ್ಗಿ ನನ್ನ ಮಿಶನ್ ತುಕ್ಕು ಹಿಡೀತು. ಯಾರು ಬಂದು ಕೇಳಿದ್ರು? ಅದಕ್ಕೆ ಯಾವ ಕಚೇರಿ ಇದೆ?"

"ತಪ್ಪು ನಿಂದೇ. ಮಿಶನ್ನ ಹೊರದೇಶಕ್ಕೆ ತಗೊಂಡು ಹೋಗಿ ನೆನೆಸಬೇಕಿತ್ತು."

ಅವಳಿಗೆ ನಗು ಬರಲಿಲ್ಲ. ಕಿರಿಯವಳು ಇದ್ದಾಗ ಮಹಡಿ ಮನೆಯಲ್ಲಿದ್ದಳು, ಕಳೆದುಕೊಂಡರೂ ಸರ್ಕಾರ ಕರೆದು ಕೊಡುತ್ತದೆ. ತಾನು ಊರು ಬಿಡದೆ, ಉಳಿದದ್ದರಲ್ಲಿ ಹೊಂದಿಸಿಕೊಂಡು, ಕಳೆದುಕೊಂಡದ್ದನ್ನು ಯಾರಿಗೂ ಹೇಳದೆ ಬಾಳಿದ್ದಕ್ಕೆ ಏನು ಸಿಕ್ಕಿತು? ದುಡ್ಡು ಬಂದ ಮರುದಿನ ಕಿರಿಯವಳು ಹಿಂದಿನ ಕೋಣೆ ಬಿಟ್ಟು ಹೋಗುತ್ತಾಳೆ. ಮತ್ತೆ ಅವಳಿಗೊಂದು ಮನೆ, ಮತ್ತೆ ತನಗೆ ಮೊದಲಿನ ಹಾಗೆ ಕತ್ತೆತ್ತಿ ನೋಡುವ ಕೆಲಸ.

ಬೇಕರಿಯ ದಾಖಲೆ ಕಚೇರಿಗೆ ಸಿಕ್ಕಿತ್ತು, ಆದರೆ ಅದು ಬಾಡಿಗೆ ಕಟ್ಟಡ. ಮನೆಯ ಕಾಗದಗಳನ್ನು ಬಂದರಿನಲ್ಲೇ ಕಿತ್ತುಕೊಂಡಿದ್ದರು. ಆ ಮನೆಯಲ್ಲಿ ಉಂಡು ಮಲಗಿದ ಸಾಕ್ಷಿ ಒಬ್ಬರು ಬೇಕು ಎಂದರು. ಅಂಥವಳು ಈ ಊರಿನಲ್ಲಿ ಒಬ್ಬಳೇ ಇದ್ದಳು.

"ಅಕ್ಕಾ, ನೀವು ಬರ್ತೀರಲ್ವಾ?" ಎಂದು ಕಿರಿಯವಳು ಕೇಳಿದಾಗ, "ಬರದೇ ಇರ್ತೀನಾ?" ಎಂದಳು. ಬರುತ್ತೇನೆ ಎಂದಳೇ ಹೊರತು ಹೇಳುತ್ತೇನೆ ಎನ್ನಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿಕೊಂಡು ಬಂದಿದ್ದಳು: ನೆನಪಿಲ್ಲ. ಅದು ಸುಳ್ಳು ಸಾಕ್ಷಿಯಲ್ಲ. ವಯಸ್ಸಾದವಳು, ಎಷ್ಟೋ ವರ್ಷದ ಹಿಂದಿನ ಮಾತು, ನೆನಪಿಲ್ಲ ಸಾರ್. ಯಾರು ತಪ್ಪು ಹುಡುಕುತ್ತಾರೆ? ಅರ್ಜಿ ಬೀಳುತ್ತದೆ, ಕಿರಿಯವಳು ಅಳುತ್ತಾಳೆ, ತಾನೇ ಸಮಾಧಾನ ಮಾಡಿ ಮನೆಗೆ ಕರೆದುಕೊಂಡು ಹೋಗುವುದು. ಹಿಂದಿನ ಕೋಣೆ ಹಾಗೇ ಇದೆ.

"ಬಿಡಿ, ನೆಲ ಬೇಡ," ಎಂದರು ಅಧಿಕಾರಿ. ದನಿಯಲ್ಲಿ ಬೇಸರವಿತ್ತು. "ಮಹಡಿಗೆ ಹೋಗೋ ಮೆಟ್ಟಿಲು ಎಲ್ಲಿತ್ತು? ಮನೆ ಒಳಗಾ, ಹೊರಗಾ?"

"ಒಳಗೆ... ಒಳಗೇ ಅನ್ಸುತ್ತೆ ಸಾರ್."

"ಅನ್ಸುತ್ತೆ ಅಂದ್ರೆ? ನಿಮ್ಮ ಮನೆ ಅಲ್ವೇನಮ್ಮ ಅದು?"

"ನಾನು ನಸುಕಿಗೇ ಬೇಕರಿಗೆ ಹೋಗಿಬಿಡ್ತಿದ್ದೆ ಸಾರ್, ಗಲ್ಲಾ ಮೇಲೆ ಕೂರೋಕೆ. ಬರೋದು ಕತ್ತಲಾದ ಮೇಲೆ. ಮನೆ ಎಲ್ಲ ಕೆಲಸದವಳು ನೋಡ್ಕೋತಿದ್ಲು. ನಮ್ಮವರು ಹೋದ ಮೇಲೆ ನನಗೆ ಮನೇನ ನೆನೆಸ್ಕೊಳ್ಳೋಕೆ ಹೋದ್ರೆ ಬರೀ ಅವರ ಮುಖ ಬರುತ್ತೆ."

"ಅದು ಅರ್ಥ ಆಗುತ್ತಮ್ಮ. ಆದ್ರೆ ನಾನು ಬರ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ಮಲಗೋ ಕೋಣೇಲಿ ಏನಿತ್ತು?"

"ಮಂಚ ಇತ್ತು. ಬೀರು ಇತ್ತು."

"ಎಂಥ ಬೀರು?"

ಕಿರಿಯವಳು ಸೋತ ದನಿಯಲ್ಲಿ, "ನೆನಪಿಲ್ಲ ಸಾರ್," ಎಂದಳು.

ಗೋಡೆಗೆ ಮುಖ ಮಾಡಿ ಕೂತವಳ ಕಿವಿ ಬಿಸಿಯಾಯಿತು. ನೆನಪಿಲ್ಲ! ಬಸ್ಸಿನ ದಾರಿಯಿಡೀ ತಾನು ಜೋಪಾನ ಮಾಡಿಕೊಂಡು ಬಂದಿದ್ದ ಒಂದು ಮಾತು. ಅದನ್ನೂ ಅವಳೇ ಎತ್ತಿಕೊಂಡಳು. ಆ ಬೀರು ನೆನಪಿಲ್ಲವಂತೆ! ಆ ಬೀರುವಿನ ಸಲುವಾಗಿ ತಾನು ಎಷ್ಟು ನಿದ್ದೆ ಕಳೆದುಕೊಂಡಿದ್ದೆ, ಇವಳಿಗೆ ಅದು ಬರಿಯ ಬೀರು. ಇದ್ದವಳಿಗೆ ಅದರ ಬೆಲೆ ಗೊತ್ತಿಲ್ಲ, ಇಲ್ಲದವಳು ಇಷ್ಟು ವರ್ಷ ಹೊತ್ತು ತಿರುಗಿದ್ದೇ ಬಂತು.

"ನೆನಪಿಲ್ವೇನೇ?" ಕುರ್ಚಿ ಕಿರ್‍ರೆಂದಿತು. ಹಿರಿಯವಳು ಎದ್ದು ತಿರುಗಿ ನಿಂತಿದ್ದಳು. "ಎರಡು ಆಳು ಅಗಲದ ಬೀರು ನೆನಪಿಲ್ವಾ ನಿನಗೆ? ಮಧ್ಯದ ಬಾಗಿಲಿಗೆ ಕಾಲಿಂದ ತಲೇವರೆಗೂ ಕನ್ನಡಿ, ಅದರ ಮೇಲೆ ಕೆತ್ತಿದ ದ್ರಾಕ್ಷಿ ಗೊಂಚಲು, ಎಡಗಡೆ ಗೊಂಚಲಲ್ಲಿ ಒಂದು ಹಣ್ಣು ಉದುರಿಹೋಗಿತ್ತು! ಹುಷಾರಾದ ಮೇಲೆ ದಿನಾ ಅದರ ಮುಂದೆ ನಿಂತು ತಲೆ ಬಾಚ್ಕೊಂಡು ಹೋಗ್ತಿದ್ಯಲ್ಲೇ!"

"ಅಮ್ಮಾ, ಅಮ್ಮಾ!" ಗುಮಾಸ್ತ ಓಡಿ ಬಂದ. "ಗೋಡೆ ಕಡೆ! ಗೋಡೆ ಕಡೆ ತಿರುಗಿ!"

"ಗೋಡೇನ ನೀನೇ ನೋಡ್ಕೋ ಹೋಗಪ್ಪ. ಅಡುಗೆಮನೆ ನೆಲ ಕಪ್ಪು ಬಿಳಿ ಚೌಕದ ಕಲ್ಲು ಸಾರ್. ಒರೆಸಿದವಳು ನಾನು, ನನ್ನ ಮಂಡಿಗೆ ಇವತ್ತಿಗೂ ನೆನಪಿದೆ. ಮೆಟ್ಟಿಲು ಒಳಗೇ, ಊಟದ ಕೋಣೆ ಮೂಲೆಯಿಂದ. ಹಿಡ್ಕೊಳ್ಳೋಕೆ ಕರೀ ಮರದ ಕಟಾಂಜನ. ಮೇಲಿಂದ ಮೂರನೇ ಮೆಟ್ಟಿಲು ಅಲ್ಲಾಡ್ತಿತ್ತು. ಈ ಮಹಾರಾಣಿಗೆ ಅದೂ ಗೊತ್ತಿಲ್ಲ, ಯಾಕಂದ್ರೆ ಕಾಲು ಅಲ್ಲಿ ನಿಂತಿದ್ರೆ ತಾನೇ!"

ಕಿರಿಯವಳು ಬಾಯಿ ತೆರೆದು ನೋಡುತ್ತಿದ್ದಳು. ಗುಮಾಸ್ತ ಅಧಿಕಾರಿಯ ಮುಖ ನೋಡಿದ. "ಸಾರ್, ಸರದಿಗೆ ಮುಂಚೆ ಮಾತಾಡಿದ್ದಾರೆ. ರದ್ದು ಅಂತ ಬರ್ಕೊಳ್ಳಲಾ?"

ಹಿರಿಯವಳಿಗೆ ಬೇಕಾದದ್ದು ಇದೇ ಆಗಿತ್ತಲ್ಲ! ಬಾಯಿ ತೆರೆದೇ ಅರ್ಜಿ ಬೀಳಿಸಿದಂತಾಯಿತು. ಆದರೆ ಈಗ ಅದು ಬೇಡವೆನಿಸಿತು. ಅಷ್ಟು ಕಿಟಕಿ, ಅಷ್ಟು ಬೀರು ಇನ್ನೂ ಒಳಗೇ ಉಳಿದಿದ್ದವು.

ಅಧಿಕಾರಿ ತಮ್ಮ ಮುಂದಿನ ನಕ್ಷೆಯನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿದರು. ಪೆನ್ನಿನ ತುದಿ ನಕ್ಷೆಯ ಮೇಲೆ ಮೆಟ್ಟಿಲಿದ್ದ ಮೂಲೆಯಲ್ಲಿ ನಿಂತಿತ್ತು. "ಅರ್ಜಿದಾರರು ಉತ್ತರಾನೇ ಹೇಳಿಲ್ಲ, ಸಾಕ್ಷಿಗೆ ಅವರು ಹೇಳಿಕೊಟ್ಟದ್ದು ಅನ್ನೋ ಹಾಗಿಲ್ಲ," ಎಂದರು ಗುಮಾಸ್ತನಿಗೆ. "ಇವರ ಸರದಿ ಈಗಲೇ ಶುರುವಾಯ್ತು ಅಂತ ಬರ್ಕೋ. ಬನ್ನಿಯಮ್ಮ, ಮುಂದೆ ಬಂದು ಕೂತ್ಕೊಳ್ಳಿ."

ಅವಳು ಕೂತಳು, ಹೇಳಿದಳು. ಕಿಟಕಿಗಳಿಗೆ ತಾನೇ ಹೊಲಿದ ಪರದೆ, ಹಿಂಬಾಗಿಲ ಹಿತ್ತಾಳೆಯ ಚಿಲಕ, ಬಚ್ಚಲಿನ ಎರಡು ನಲ್ಲಿ, ಒಂದರಲ್ಲಿ ಸದಾ ಬಿಸಿನೀರು. ಹೇಳುತ್ತ ಹೇಳುತ್ತ ದನಿ ಏರಿತು, ಪ್ರತಿ ಸಾಮಾನಿನ ಕೊನೆಗೆ "ಅದೂ ಇತ್ತು ಇವಳಿಗೆ!" ಎಂಬ ಮಾತು ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು. ಗುಮಾಸ್ತ ಎರಡು ಸಲ ಅದನ್ನೂ ಬರೆದುಕೊಂಡು ಹೊಡೆದುಹಾಕಬೇಕಾಯಿತು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಅಧಿಕಾರಿ. "ನೀವು ಅಲ್ಲಿ ಇದ್ದದ್ದು ಮೂರೇ ತಿಂಗಳು. ಇಷ್ಟೆಲ್ಲ ಹೇಗೆ ನೆನಪಿಟ್ಕೊಂಡ್ರಿ? ಈ ಅರ್ಜಿ ಪಾಸಾದ್ರೆ ನಿಮಗೇನಾದ್ರೂ ಲಾಭ ಉಂಟಾ?"

"ಲಾಭವಾ?" ಅವಳಿಗೆ ರೇಗಿಹೋಯಿತು. "ಹೊಟ್ಟೆಕಿಚ್ಚು ಸಾರ್. ಆವತ್ತೂ ಅದೇ, ನಾಳೆ ನೀವು ಕೊಟ್ಟ ಮೇಲೂ ಅದೇ. ಅದು ಬಿಟ್ರೆ ನನಗೆ ಆ ಮನೆಯಿಂದ ಏನೂ ಬಂದಿಲ್ಲ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈ ಮೇಜಿನ ಮುಂದೆ ಕೂತು ಬಹಳ ಜನ ಬಹಳ ಕಾರಣ ಹೇಳಿದ್ದರು. ಇಷ್ಟು ನಂಬಬಹುದಾದದ್ದನ್ನು ಅವರು ಕೇಳಿರಲಿಲ್ಲವೆಂದು ತೋರುತ್ತದೆ. "ಸರಿ," ಎಂದರು. ಆಮೇಲೆ ಕಿರಿಯವಳ ಕಡೆ ತಿರುಗಿ, ಸ್ವಲ್ಪ ಮೆತ್ತಗೆ, "ನಿಮಗೆ ಆ ಮನೇದು ಒಂದೂ ನೆನಪಿಲ್ವೇನಮ್ಮ?" ಎಂದು ಕೇಳಿದರು.

"ಒಂದಿದೆ ಸಾರ್. ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ. ಅಕ್ಕ ಬಂದಾಗ ಅವರ ಚೀಲ ತಗಲಿಹಾಕೋಕೆ ಅಂತ ನಮ್ಮವರು ಹೊಡೆದದ್ದು. ಅಕ್ಕ ಹೋದ ಮೇಲೂ ಅದಕ್ಕೆ ನಾನು ಬೇರೆ ಏನೂ ಹಾಕೋಕೆ ಬಿಡ್ಲಿಲ್ಲ. ಮತ್ತೆ ಬರ್ತಾರೆ ಅಂತ."

"ಮೊಳೆಗೆ ಪರಿಹಾರ ಇಲ್ಲಮ್ಮ," ಎಂದ ಗುಮಾಸ್ತ.

ಹಿರಿಯವಳು ತಲೆಯೊಳಗೆ ಆ ಬಾಗಿಲ ಹಿಂದೆ ಹೋಗಿ ನೋಡಿದಳು. ಪೊರಕೆ ಇತ್ತು, ಬಕೆಟ್ಟಿತ್ತು, ಬಾಗಿಲಿನ ಬಣ್ಣ ಎದ್ದ ಜಾಗವೂ ಇತ್ತು. ಮೊಳೆ ಇರಲಿಲ್ಲ. ಎಷ್ಟು ಹುಡುಕಿದರೂ ಸಿಗಲಿಲ್ಲ. ಬಸ್ಸಿನಲ್ಲಿ ಮರಳುವಾಗ ಅವಳು ಸುಸ್ತಾಗಿದೆ ಎಂದಳು. ನಿಜವಾಗಿ ಅವಳಿಗೆ ಸಿಟ್ಟು ಬಂದಿತ್ತು. ಆ ಮನೆಯಲ್ಲಿ ತನ್ನದು ಅನ್ನುವುದು ಒಂದೇ ಇತ್ತು, ಅದನ್ನೂ ಇವಳೇ ನೆನಪಿಟ್ಟುಕೊಂಡಿದ್ದಳು.

ಆ ಸಂಜೆಯಿಂದ ಒಂದು ಹೊಸ ಅಭ್ಯಾಸ ಶುರುವಾಯಿತು. ಗುಂಡಿ ಹಾಕುತ್ತ ಕೂತ ಕಿರಿಯವಳು ತಲೆ ಎತ್ತದೆ ಕೇಳುವಳು: "ಅಕ್ಕಾ, ಅಡುಗೆಮನೆ ಕಿಟಕಿಯಿಂದ ಏನು ಕಾಣ್ತಿತ್ತು?"

"ಪಕ್ಕದವರ ಹಿತ್ತಲು. ಒಂದು ಮುದಿ ನಾಯಿ ಕಟ್ಟಿರ್ತಿದ್ರು."

"ಹೌದಾ? ನಮ್ಮವರು ಅದಕ್ಕೆ ಬ್ರೆಡ್ಡು ಎಸೀತಿದ್ರು ಅಂತ ಕಾಣುತ್ತೆ, ಅಲ್ವಾ?"

"ಎಸೀತಿದ್ದ. ದಿನಾ, ಬೇಕರಿಗೆ ಹೋಗೋ ಮುಂಚೆ."

ಕಿರಿಯವಳು ಸೂಜಿ ನಿಲ್ಲಿಸಿ ಕೇಳುವಳು. ಗಂಡ ನಾಯಿಗೆ ಬ್ರೆಡ್ಡು ಎಸೆಯುತ್ತಿದ್ದುದು ಅವಳಿಗೆ ಹೀಗೆ ತುಂಡು ತುಂಡಾಗಿ ಮರಳಿ ಸಿಗುತ್ತಿತ್ತು. ಹಿರಿಯವಳು ಧಾರಾಳವಾಗಿ ಕೊಡುತ್ತಿರಲಿಲ್ಲ. ದಿನಕ್ಕೊಂದು ಕೋಣೆ; ಕೆಲವೊಮ್ಮೆ ಬರೀ ಒಂದು ಕಪಾಟು. ಮಹಡಿಯ ಮೇಲೆ ಬೆಳಗಿನ ಬಿಸಿಲು ಬೀಳುವ ಒಂದು ಸಣ್ಣ ಕೋಣೆಯಿತ್ತು. ಅದು ತನ್ನದಾಗಿದ್ದರೆ ಮಿಶನ್ನನ್ನು ಕಿಟಕಿಯ ಕೆಳಗೆ ಇಡುತ್ತಿದ್ದೆ ಎಂದು ಆಗಲೇ ಲೆಕ್ಕ ಹಾಕಿದ್ದಳು. ಆ ಕೋಣೆಯ ಬಗ್ಗೆ ಅವಳು ಅಧಿಕಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ. ಅದೊಂದು ಅವಳ ಹತ್ತಿರವೇ ಇರಲಿ.

ಅರ್ಜಿ ಪಾಸಾಯಿತು. ಕಿರಿಯವಳು ಎರಡು ಬೀದಿ ಆಚೆ ಒಂದು ಹಳೆಯ ಮನೆ ಕೊಂಡಳು. ಕೆಳಗೆ ಬ್ರೆಡ್ಡಿನ ಅಂಗಡಿಗೆ ಜಾಗ, ಮೇಲೆ ಎರಡು ಕೋಣೆ. ಹಿಂದಿನ ಕೋಣೆಗೆ ಬಟ್ಟೆಯ ಗಂಟುಗಳು ಮರಳಿದವು. ಬೀದಿಯವರು ಈಗ ಟೈಲರಮ್ಮನ ಮನಸ್ಸಿನ ಮಾತೆತ್ತದೆ, ಹೊಸ ಅಂಗಡಿ ಯಾವಾಗ ಶುರುವಂತೆ ಎಂದಷ್ಟೇ ಕೇಳುತ್ತಿದ್ದರು. ಸಂಜೆ ಮಿಶನ್ನಿನ ಮುಂದೆ ಕೂತರೆ ಕೇಳುವವರಿಲ್ಲದೆ ಆ ಮಹಡಿ ಮನೆ ಅವಳ ತಲೆಯಲ್ಲಿ ಸುಮ್ಮನೆ ಬಾಗಿಲು ಹಾಕಿಕೊಂಡು ನಿಂತಿರುತ್ತಿತ್ತು.

"ಹೋಗಿ ನೋಡ್ಕೊಂಡು ಬಾ," ಎಂದ ಗಂಡ ಕೊನೆಗೆ. "ನೋಡದೇ ಉರ್ಕೊಳ್ಳೋಕಿಂತ ನೋಡಿ ಉರ್ಕೊಳ್ಳೋದು ವಾಸಿ."

ಹೋದಳು. ಬಾಗಿಲಲ್ಲೇ ಅವಳ ಕಣ್ಣು ನೆಲಕ್ಕೆ ಹೋಯಿತು. ಬರೀ ಸಿಮೆಂಟು, ಅಲ್ಲಲ್ಲಿ ಸೀಳು ಬಿಟ್ಟದ್ದು. ಅಷ್ಟರಮಟ್ಟಿಗೆ ಜೀವಕ್ಕೆ ತಂಪಾಯಿತು. ಕಿಟಕಿಗಳು ಸಣ್ಣವು. ಆದರೆ ಎರಡು ಕಡೆಯಿಂದ ಗಾಳಿ ಬರುತ್ತಿತ್ತು, ಅದನ್ನು ಗಮನಿಸದೆ ಇರಲಾಗಲಿಲ್ಲ.

"ಬನ್ನಿ ಅಕ್ಕಾ, ನಿಮಗೇ ಕಾಯ್ತಿದ್ದೆ. ಮಂಚ ಎಲ್ಲಿಡ್ಲಿ? ಅಲ್ಲಿ ಎಲ್ಲಿತ್ತು?"

"ಕಿಟಕಿಗೆ ತಲೆ ಮಾಡಿ. ಇನ್ನೂ ಎಡಕ್ಕೆ. ಎಡಕ್ಕೆ ಅಂದ್ರೆ ಎಡಕ್ಕೆ ಕಣೇ." ಮಂಚ ತಳ್ಳಿಸಿದಳು, ಮೇಜು ತಿರುಗಿಸಿದಳು. ಅಣತಿ ಕೊಡುವಷ್ಟು ಹೊತ್ತು ಚೆನ್ನಾಗಿತ್ತು.

"ಕೂತಿರಿ, ಚಹಾ ತರ್ತೀನಿ. ಹಾಲು ಕೆಳಗೇ ಉಳೀತು," ಎಂದು ಕಿರಿಯವಳು ಮೆಟ್ಟಿಲಿಳಿದು ಹೋದಳು.

ಹಿರಿಯವಳು ಕೂರಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಎಣಿಸಿದಳು, ಒಲೆ ಮುಟ್ಟಿ ನೋಡಿದಳು. ಆಮೇಲೆ, ಸುಮ್ಮನೆ ಎಂಬಂತೆ, ಬಾಗಿಲನ್ನು ತನ್ನ ಕಡೆಗೆ ಎಳೆದು ಹಿಂದೆ ಇಣುಕಿದಳು.

ಮೊಳೆ ಇತ್ತು. ಹಿತ್ತಾಳೆಯದು, ತುದಿಗೆ ಗುಂಡು ತಲೆ, ಹೊಸದಾಗಿ ಹೊಡೆದದ್ದು. ಕೆಳಗೆ ನೆಲದ ಮೇಲೆ ಗೋಡೆಯ ಪುಡಿ ಇನ್ನೂ ಬಿದ್ದಿತ್ತು. ಅದರಲ್ಲಿ ಏನೂ ತಗಲಿಹಾಕಿರಲಿಲ್ಲ. ಅವಳ ಮನೆಯ ಮೊಳೆಗಳೆಲ್ಲ ಕಬ್ಬಿಣದವು, ಬಟ್ಟೆಗೆ ತುಕ್ಕಿನ ಕಲೆ ಹತ್ತಿಸುವಂಥವು. ಇಂಥದೊಂದು ಮೊಳೆ ಅವಳ ಮನೆಯಲ್ಲಿ ಎಲ್ಲೂ ಇರಲಿಲ್ಲ. ಹೊಟ್ಟೆಯಲ್ಲಿ ಆ ಹಳೆಯ ಉರಿ ಚುರ್‍ರೆಂದು ಎದ್ದಿತು.

ಅವಳು ಚೀಲವನ್ನು ಮೊಳೆಗೆ ಹಾಕಿ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಅಷ್ಟು ಫಳಫಳಿಸುವ ಮೊಳೆಗೆ ಈ ಚೀಲ ಒಪ್ಪುತ್ತಿರಲಿಲ್ಲ; ಹಿಡಿಯ ಹತ್ತಿರ ಹೊಲಿಗೆ ಬಿಚ್ಚಿ ಒಳಗಿನ ಅಸ್ತರು ಕಾಣುತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿ ಕಿರಿಯವಳ ಹೆಜ್ಜೆ ಸಪ್ಪಳ ಕೇಳಿಸಿತು. ಅವಳು ಬೇಗಬೇಗ ಚೀಲವನ್ನು ಕೆಳಗಿಳಿಸಿ, ಹರಿದ ಮಗ್ಗುಲನ್ನು ಗೋಡೆಗೆ ಮುಖ ಮಾಡಿ ತಿರುಗಿಸಿ, ಮತ್ತೆ ತಗಲಿಹಾಕಿದಳು.